ಹುಸೇನಪ್ಪ, ನಮಶೂದ್ರ ಮತ್ತು ಮಸ್ಕಿಯ ಬಂಡೆ

1915ರ ಜನವರಿ 27ರಂದು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಕೊರೆದ ಅಕ್ಷರಗಳನ್ನು ಕಂಡರು. ಅವರ ಕೆಲಸ ಚಿನ್ನದ್ದು. ಹಟ್ಟಿಯ ಸುತ್ತಮುತ್ತಲಿನ ಈ ನೆಲದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಜನ ಚಿನ್ನ ತೆಗೆದಿದ್ದರು. ಮಸ್ಕಿ ಆಗ ನಿಜಾಮರ ಸೀಮೆಯ ಊರು. ಚಾಲುಕ್ಯರ ಕಾಲದ ಶಾಸನಗಳು ‘ಪಿರಿಯ ಮೊಸಂಗಿ’ ಎಂದು ಕರೆದದ್ದು ಇದನ್ನೇ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಬರಹವನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಎಂಟು ದಶಕಗಳಿಂದ ವಿದ್ವಾಂಸರು ಹುಡುಕುತ್ತಿದ್ದ ಹೆಸರು ಅದರ ಮೊದಲ ಸಾಲಿನಲ್ಲೇ ಇತ್ತು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಉತ್ತರದ ಕಂಬಗಳ ಮೇಲೆ, ಬಂಡೆಗಳ ಮೇಲೆ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’ ಎಂಬ ರಾಜ. ದೇವರುಗಳಿಗೆ ಪ್ರಿಯನಾದವನು ಎಂಬುದು ಬಿರುದು, ಯಾರು ಬೇಕಾದರೂ ಹೊತ್ತುಕೊಳ್ಳಬಹುದು. ಲಂಕೆಯ ದೊರೆ ತಿಸ್ಸನೂ ಅದೇ ಬಿರುದು ಇಟ್ಟುಕೊಂಡಿದ್ದ. ಪ್ರಿನ್ಸೆಪ್ ಮೊದಲಿಗೆ ಈ ಶಾಸನಗಳು ಆ ತಿಸ್ಸನವೇ ಇರಬೇಕೆಂದು ಊಹಿಸಿದ್ದರು. ಆಮೇಲೆ ಲಂಕೆಯ ಪಾಲಿ ವಂಶಕಥೆಗಳನ್ನು ನೋಡಿದ ಜಾರ್ಜ್ ಟರ್ನರ್, ಪಿಯದಸಿ ಎಂದರೆ ಮೌರ್ಯ ಅಶೋಕನೆಂದು ತೋರಿಸಿಕೊಟ್ಟರು. ಆದರೆ ಅವನದೇ ಶಾಸನದಲ್ಲಿ ಆ ಹೆಸರು ಸಿಕ್ಕಿರಲಿಲ್ಲ. ಸಿಕ್ಕಿದ್ದು ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ನಿಟ್ಟೂರು, ಉಡೇಗೋಳಗಳಲ್ಲೂ ಅದೇ ಹೆಸರಿನ ಶಾಸನಗಳು ಕಂಡವು.

ಮಸ್ಕಿ ಎಂದರೆ ಅಶೋಕನ ಹೆಸರು ಸಿಕ್ಕ ಊರು, ಶಾಲೆಯ ಪಾಠ ಅಲ್ಲಿಗೆ ಮುಗಿಯುತ್ತದೆ. ಆ ಬಂಡೆ ಹೇಳುವ ಉಳಿದ ಮಾತು ನನಗೆ ಇನ್ನೂ ದೊಡ್ಡದು. ರಾಜ ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆದಿತ್ತು ಎನ್ನುತ್ತಾನೆ. ಸಂಘಕ್ಕೆ ಹತ್ತಿರವಾದದ್ದನ್ನು ಹೇಳುತ್ತಾನೆ. ಜಂಬೂದ್ವೀಪದಲ್ಲಿ ಮೊದಲು ಬೆರೆಯದಿದ್ದ ದೇವರುಗಳು ಈಗ ಜನರೊಂದಿಗೆ ಬೆರೆತಿದ್ದಾರೆ ಎನ್ನುತ್ತಾನೆ. ಕೊನೆಗೆ, ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದೆಂದು ಯಾರೂ ತಿಳಿಯಬಾರದು, ಧರ್ಮಕ್ಕೆ ನಡೆದುಕೊಂಡರೆ ಸಣ್ಣವನಿಗೂ ಸಿಗುತ್ತದೆ ಎಂದು ಸಾರುತ್ತಾನೆ. ಹೊಸ ಧರ್ಮ ಹಿಡಿದ ಚಕ್ರವರ್ತಿ ತನ್ನ ಹಳೆಯ ಹೆಸರನ್ನು ಅಳಿಸಲಿಲ್ಲ. ಕೇಳುವವರೂ ಹೆಸರು ಬದಲಿಸಿಕೊಂಡು ಬರಲಿ ಎನ್ನಲಿಲ್ಲ.

ಹೆಸರಿಗೂ ಧರ್ಮಕ್ಕೂ ಗಂಟು ಹಾಕದ ಆ ರೂಢಿ ಈ ನಾಡಿನಲ್ಲಿ ಬಹುಕಾಲ ನಡೆಯಿತು. ಅದನ್ನು ನೋಡಬೇಕಾದರೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಬರಬೇಕು. ಕೃಷ್ಣೆ-ತುಂಗಭದ್ರೆಗಳ ನಡುವಿನ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಅವರ ಬಳಿಕ ಬಿಜಾಪುರದ ಆದಿಲಶಾಹಿಗಳೂ ಬಡಿದಾಡಿದ ಕೋಟೆ ಅದು. ರಾಜರು ಕತ್ತಿ ಹಿಡಿದು ನಿಂತ ಆ ಜಾಗದಲ್ಲಿ ಈಗ ವರ್ಷಕ್ಕೊಮ್ಮೆ ಸಾವಿರಾರು ಜನ ಸಕ್ಕರೆ ಹಿಡಿದು ನಿಲ್ಲುತ್ತಾರೆ. ಮೊಹರಂ ಬಂದರೆ ಮುದಗಲ್ಲಿನ ಹುಸೇನ ಆಲಂ ಎಂಬ ಲಾಂಛನವನ್ನು ನೋಡಲು ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಬರುವವರಲ್ಲಿ ಹಿಂದೂಗಳೇ ಬಹಳ. ನಮ್ಮವರು ಇದನ್ನು ಅಲಾಯಿ ಹಬ್ಬ ಎನ್ನುತ್ತಾರೆ, ಪೀರಲ ದೇವರು ಎನ್ನುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಕುಣಿ ತೋಡುತ್ತಾರೆ, ರಿವಾಯತ್ ಪದ ಹಾಡುತ್ತಾರೆ, ಹೆಜ್ಜೆ ಹಾಕುತ್ತಾರೆ.

ಹೆಸರು ಹುಟ್ಟುವುದು ಅಲ್ಲಿಂದ. ಹುಟ್ಟಿದ ಕೂಸುಗಳು ನಿಲ್ಲದ ಮನೆಯ ತಾಯಿ ಆಲಂ ಮುಂದೆ ನಿಂತು, “ಈ ಮಗ ಉಳಿದ್ರ ನಿನ್ನ ಹೆಸ್ರ ಇಡ್ತೀನಿ, ಐದು ವರ್ಷ ಫಕೀರ ಮಾಡ್ತೀನಿ” ಎಂದು ಬೇಡಿಕೊಳ್ಳುತ್ತಾಳೆ. ಮಗ ಉಳಿದರೆ ತೊಟ್ಟಿಲ ಕಾರ್ಯದ ದಿನ ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ ಹುಸೇನಪ್ಪ ಎಂದು ಉಸುರುತ್ತಾಳೆ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ನಗುತ್ತಾರೆ. ಹರಕೆ ತೀರುವವರೆಗೆ ಪ್ರತಿ ಮೊಹರಮ್ಮಿಗೆ ಹುಡುಗ ಕೊರಳಿಗೆ ಲಾಡಿ ಹಾಕಿಕೊಂಡು ಫಕೀರನಾಗಿ ಮನೆಮನೆಗೆ ಹೋಗಿ ಭಿಕ್ಷೆ ಬೇಡುತ್ತಾನೆ. ಜಾತಿ ಕುರುಬರದ್ದೋ ನಾಯಕರದ್ದೋ ಮಾದಿಗರದ್ದೋ ಲಿಂಗಾಯತರದ್ದೋ ಆಗಿರಬಹುದು. ಹೆಸರು ಮಾತ್ರ ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ, ಮೌಲಪ್ಪ, ಖಾಜಪ್ಪ.

ಅದೇ ಮನೆಯ ಇನ್ನೊಂದು ಮಗು ಗುರುಗುಂಟಿಯ ಅಮರೇಶ್ವರನಿಗೆ ಹರಕೆ ಹೊತ್ತು ಹುಟ್ಟಿದ್ದರೆ ಅಮರಪ್ಪ, ಅಮರಮ್ಮ. ಹುಲಿಗಿ ದೇವಿಯದಾದರೆ ಹುಲಿಗೆಮ್ಮ. ಕೃಷ್ಣೆಯಾಚೆಯ ತಿಂಥಣಿಯದಾದರೆ ಮೋನಪ್ಪ. ಆ ತಿಂಥಣಿಯ ಮೌನೇಶ್ವರರನ್ನೇ ಮುಸ್ಲಿಂ ಭಕ್ತರು ಮೌನುದ್ದೀನ್ ಎಂದು ನಡೆದುಕೊಳ್ಳುತ್ತಾರೆ. ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠದಲ್ಲಿ ನೆಲೆಸಿ ದೇವಿಪುರಾಣ ಬರೆದ ಚಿದಾನಂದಾವಧೂತರ ಹೆಸರೂ ಈ ಭಾಗದ ಮಕ್ಕಳಿಗೆ ಬಂದಿದೆ. ಯಾವ ದೇವರು ಕಾಯ್ದಿತೋ ಆ ದೇವರ ಹೆಸರು, ಇಷ್ಟೇ ಲೆಕ್ಕ. ಕೂಡಿ ಬೆಳೆದ ಅಣ್ಣ ಅಮರಪ್ಪ, ತಮ್ಮ ಹುಸೇನಪ್ಪ, ತಂಗಿ ಹುಲಿಗೆಮ್ಮ ಎಂದರೆ ಊರಿನಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ.

ಇದನ್ನು ಬರೀ ಸೌಹಾರ್ದದ ಚಿತ್ರವಾಗಿ ತೂಗುಹಾಕಿದರೆ ಅನ್ಯಾಯವಾಗುತ್ತದೆ. ಆಲಂ ಮುಂದೆ ಒಂದೇ ಹೆಸರು ಪಡೆದ ಇಬ್ಬರು ಹುಸೇನಪ್ಪಗಳಲ್ಲಿ ಒಬ್ಬನನ್ನು ಊರು ‘ಹುಸೇನಪ್ಪ’ ಎಂದು ಕರೆಯುತ್ತಿತ್ತು, ಕೇರಿಯವನನ್ನು ‘ಹುಸೇನ್ಯಾ’ ಎನ್ನುತ್ತಿತ್ತು. ಹೆಸರಿನ ಬಾಲ ಯಾರದು ಎಷ್ಟು ಉದ್ದ ಇರಬೇಕೆಂದು ತೀರ್ಮಾನಿಸುತ್ತಿದ್ದವರು ಗೌಡರು, ಕುಲಕರ್ಣಿಗಳು. ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದು ಕಾಯಕದ ಹೆಸರನ್ನು ಮುಚ್ಚದೆ ಅದರ ಜೊತೆಗೇ ‘ಅಯ್ಯ’ ಸೇರಿಸಿ ಕರೆದದ್ದು ಎಷ್ಟು ದೊಡ್ಡ ಬಂಡಾಯವೆಂಬುದು ಈ ಹಳ್ಳಿಗಳಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ಹೆಸರಿಗೂ ಧರ್ಮಕ್ಕೂ ಗಂಟು ಹಾಕುವ ಒತ್ತಾಯ ಬಂದದ್ದು ಖಾನೇಷುಮಾರಿಯ ಕಾಲದಲ್ಲಿ. ಒಬ್ಬ ಮನುಷ್ಯ, ಒಂದು ಧರ್ಮ, ಒಂದು ಕಲಂ. 1911ರ ಜನಗಣತಿಯಲ್ಲಿ ಗುಜರಾತಿನ ಸುಮಾರು ಎರಡು ಲಕ್ಷ ಜನರನ್ನು ಬೊಂಬಾಯಿ ಪ್ರಾಂತದ ಅಧಿಕಾರಿ ‘ಹಿಂದೂ-ಮಹಮ್ಮದೀಯ’ ಎಂದು ಬರೆದುಕೊಂಡಿದ್ದರು. ಮೇಲಧಿಕಾರಿ ಗೇಟ್ ಅದನ್ನು ಒಪ್ಪಲಿಲ್ಲ. ಅವರನ್ನು ಒಂದೋ ಅತ್ತ, ಇಲ್ಲವೇ ಇತ್ತ ಹಂಚಬೇಕಿತ್ತು ಎಂದರು. ಹುಸೇನಪ್ಪನಂಥವರಿಗೆ ಮುಂದೆ ಏನು ಕಾದಿದೆ ಎಂಬುದರ ಸೂಚನೆ ಆ ಆಕ್ಷೇಪದಲ್ಲೇ ಇತ್ತು.

ಹೈದರಾಬಾದ್ ಸಂಸ್ಥಾನದಲ್ಲಿ ಒತ್ತಾಯಕ್ಕೆ ಎರಡು ದಿಕ್ಕು. ಆಡಳಿತವೆಲ್ಲ ಉರ್ದುವಿನಲ್ಲಿ, ಮೇಲಿನ ಓದೂ ಉರ್ದುವಿನಲ್ಲಿ. ಕನ್ನಡ ಬಲ್ಲವನ ಹೆಸರು ಕಚೇರಿಯಲ್ಲಿ ಅವನೇ ಓದಲಾಗದ ಲಿಪಿಯಲ್ಲಿ ಕೂರುತ್ತಿತ್ತು. 1924ರಲ್ಲಿ ಸಿದ್ದಿಕ್ ಹುಸೇನ್ ಎಂಬವರು ತಾವೇ ಚೆನ್ನಬಸವೇಶ್ವರರ ಅವತಾರವೆಂದು ಸಾರಿ, ದೀನದಾರ್ ಚೆನ್ನಬಸವೇಶ್ವರ ಎಂದು ಹೆಸರಿಟ್ಟುಕೊಂಡು, ಲಿಂಗಾಯತರನ್ನು ಇಸ್ಲಾಮಿನತ್ತ ಕರೆಯುವ ದೀನದಾರ್ ಅಂಜುಮನ್ ಕಟ್ಟಿದರು. ಶರಣರ ಹೆಸರೇ ಕರೆಗೆ ಸಾಧನವಾಯಿತು. ಎದುರಿನಿಂದ ಆರ್ಯ ಸಮಾಜದ ಶುದ್ಧಿ ಚಳವಳಿ ಬಂತು. ಅಲ್ಲೂ ಮೊದಲ ಕೆಲಸ ಹೆಸರು ಬದಲಿಸುವುದೇ. 1938-39ರ ಆರ್ಯ ಸತ್ಯಾಗ್ರಹ, ಆಮೇಲೆ ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ. ರಜಾಕಾರರು ಹಳ್ಳಿ ಸುಟ್ಟರು, ಜನರನ್ನು ಕೊಂದರು. ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನೂ ಬಲವಂತದ ಮತಾಂತರಗಳನ್ನೂ ಸುಂದರಲಾಲ್ ಸಮಿತಿ ದಾಖಲಿಸಿತು. ಅತಿ ಹೆಚ್ಚು ಹಾನಿಯಾದದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಎಂದು ಅದು ಹೇಳಿತು. ಆ ದಿನಗಳಲ್ಲಿ ದಾರಿಯಲ್ಲಿ ತಡೆದು ಹೆಸರೇನು ಎಂದು ಕೇಳಿದರೆ, ಉತ್ತರದ ಮೇಲೆ ಜೀವ ನಿಂತಿರುತ್ತಿತ್ತು.

ಸ್ವಾತಂತ್ರ್ಯದ ನಂತರದ ಒತ್ತಾಯ ಕತ್ತಿಯದಲ್ಲ, ಕಾಗದದ್ದು. 1950ರ ಪರಿಶಿಷ್ಟ ಜಾತಿಗಳ ಆದೇಶ ಪರಿಶಿಷ್ಟ ಜಾತಿಯ ಸೌಲಭ್ಯವನ್ನು ಬಹುಮಟ್ಟಿಗೆ ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು. ಮುಸ್ಲಿಮರೂ ಕ್ರೈಸ್ತರೂ ಹೊರಗೆ. ಹೀಗಿರುವಾಗ ಮಾದಿಗರ ಹುಡುಗನೊಬ್ಬ ಹುಸೇನಪ್ಪ ಎಂಬ ಹೆಸರು ಹೊತ್ತು ದೂರದ ಊರಿನ ಕಚೇರಿಯ ಕಿಟಕಿಯ ಮುಂದೆ ಜಾತಿ ಪ್ರಮಾಣಪತ್ರ ಚಾಚಿದರೆ, “ನೀನು ಸಾಬನಲ್ಲೇನು?” ಎಂಬ ಪ್ರಶ್ನೆ ಏಳದಿರುತ್ತದೆಯೇ? ಅವನ ತಾಯಿಯ ಹರಕೆ ಅಲ್ಲಿ ಅನುಮಾನದ ದಾಖಲೆ. ಮಗನನ್ನು ಶಾಲೆಗೆ ಹಚ್ಚುವಾಗಲೇ ಬೇರೆ ಹೆಸರು ಬರೆಸಿಬಿಡೋಣ ಎಂದು ಅಪ್ಪನಿಗೆ ಅನ್ನಿಸಿದರೆ ಅವನನ್ನು ದೂರಲಾರೆ. ಇಂದಿನ ಮಕ್ಕಳ ಹಾಜರಿ ಪುಸ್ತಕದಲ್ಲಿ ಹುಸೇನಪ್ಪಗಳು ಕಡಿಮೆಯಾಗುತ್ತಿರುವುದು ಮಾತ್ರ ನನ್ನನ್ನು ನೋಯಿಸುತ್ತದೆ. ಆಲಂ ಮುಂದೆ ಹರಕೆ ಹೊರುವ ತಾಯಂದಿರು ಕಡಿಮೆಯಾಗಿಲ್ಲ.

ಇದೇ ಹೆಸರಿನ ಪ್ರಶ್ನೆ ಸಿಂಧನೂರಿಗೆ ಬೇರೆ ದಾರಿಯಿಂದ, ಬಹಳ ದೂರದಿಂದ ಬಂತು.

ಅದರ ಬೇರು ಪೂರ್ವ ಬಂಗಾಳದಲ್ಲಿ, ಫರೀದಪುರ ಜಿಲ್ಲೆಯ ಓಡಾಕಾಂದಿಯಲ್ಲಿ. ಹೊಳೆ, ಜೌಗುಗಳ ನಡುವೆ ಭತ್ತ ಬೆಳೆದು ಮೀನು ಹಿಡಿದು ಬದುಕುತ್ತಿದ್ದ ಒಂದು ದೊಡ್ಡ ಸಮುದಾಯವನ್ನು ಮೇಲುಜಾತಿಯವರೂ ಸರಕಾರದ ಕಡತಗಳೂ ‘ಚಂಡಾಲ’ ಎಂದು ಕರೆಯುತ್ತಿದ್ದವು. ಅವರಲ್ಲಿ ಹರಿಚಾಂದ ಠಾಕೂರ್ (1812-1878) ಮತುವಾ ಪಂಥ ಕಟ್ಟಿದರು. ದೀಕ್ಷೆ ಬೇಡ, ತೀರ್ಥಯಾತ್ರೆ ಬೇಡ, ಬ್ರಾಹ್ಮಣ ಪುರೋಹಿತ ಬೇಡ. ಕೈ ದುಡಿಯಲಿ, ಬಾಯಿ ಹರಿನಾಮ ನುಡಿಯಲಿ. ಕಾಯಕದ ಮಾತು ಕೇಳಿ ಬೆಳೆದ ಕನ್ನಡದ ಕಿವಿಗೆ ಇದು ಪರಕೀಯವೆನಿಸುವುದಿಲ್ಲ. 1872-73ರಲ್ಲಿ ಫರೀದಪುರ, ಬಾಕರ್‌ಗಂಜ್ ಕಡೆ ಈ ಜನ ಮೇಲುಜಾತಿಯವರ ಹೊಲಮನೆ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು.

ಹರಿಚಾಂದರ ಮಗ ಗುರುಚಾಂದ (1847-1937) ಹೋರಾಟವನ್ನು ಶಾಲೆಗೂ ಹೆಸರಿಗೂ ತಿರುಗಿಸಿದರು. ಬ್ಯಾಪ್ಟಿಸ್ಟ್ ಪಾದ್ರಿ ಸಿ. ಎಸ್. ಮೀಡ್ ಓಡಾಕಾಂದಿಗೆ ಬಂದು ನೆಲೆಸಿದಾಗ ಅವರ ನೆರವಿನಿಂದ ಹೈಸ್ಕೂಲು ಕಟ್ಟಿಸಿಕೊಂಡರು, ತಮ್ಮ ಜನರಿಗೆ ಸರಕಾರಿ ಕೆಲಸಗಳ ಬಾಗಿಲು ತೆರೆಸಿಕೊಂಡರು. ಕ್ರೈಸ್ತರಾಗಲಿಲ್ಲ. ಮೇಲುಜಾತಿಯ ಹಿಂದೂ ನಾಯಕರು ಸ್ವದೇಶಿ ಚಳವಳಿಗೆ ಕರೆದಾಗ ಅವರ ಬೆನ್ನಿಗೂ ಹೋಗಲಿಲ್ಲ. ಪಟ್ಟು ಹಿಡಿದದ್ದು ಒಂದಕ್ಕೆ: ಜನಗಣತಿಯ ಪುಸ್ತಕದಿಂದ ‘ಚಂಡಾಲ’ ಹೋಗಬೇಕು, ನಮ್ಮನ್ನು ನಾವು ಕರೆದುಕೊಳ್ಳುವ ‘ನಮಶೂದ್ರ’ ಬರಬೇಕು. 1911ರಲ್ಲಿ ಅದು ಆಯಿತು. ಗುಜರಾತಿನ ಎರಡು ಲಕ್ಷ ಜನರ ಜೋಡಿ ಹೆಸರಿಗೆ ಆಕ್ಷೇಪ ಬಂದ ಅದೇ ಗಣತಿಯಲ್ಲಿ ಲಕ್ಷಾಂತರ ನಮಶೂದ್ರರು ತಮ್ಮ ಹೆಸರನ್ನು ಗಳಿಸಿದರು.

ದೇಶ ಒಡೆಯಿತು. ನಮಶೂದ್ರ ನಾಯಕ ಜೋಗೇಂದ್ರನಾಥ ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. ದಲಿತರೂ ಮುಸ್ಲಿಂ ರೈತರೂ ಒಂದೇ ನೊಗದಡಿ ಇದ್ದವರು, ಕೂಡಿ ಬಾಳಬಹುದೆಂಬುದು ಅವರ ನಂಬಿಕೆ. 1950ರ ಗಲಭೆಗಳ ಬಳಿಕ ಅವರೇ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. ಮೇಲುಜಾತಿಯವರು ಮೊದಲೇ ಕಲ್ಕತ್ತೆ ಸೇರಿದ್ದರು. ಹೊಲ ಬಿಟ್ಟು ಬರಲಾರದ ನಮಶೂದ್ರರು ತಡವಾಗಿ, 1950ರ ಮತ್ತು 1964ರ ಗಲಭೆಗಳಲ್ಲಿ, ಬರಿಗೈಯಲ್ಲಿ ಹೊರಟರು. ಪಶ್ಚಿಮ ಬಂಗಾಳದಲ್ಲಿ ಜಾಗವಿಲ್ಲ ಎಂದಿತು ಸರಕಾರ. ರಾಯಪುರದ ಹತ್ತಿರದ ಮಾನಾ ಶಿಬಿರಕ್ಕೆ, ಅಲ್ಲಿಂದ ದಂಡಕಾರಣ್ಯಕ್ಕೆ ಮತ್ತು ದೇಶದ ಬೇರೆ ಬೇರೆ ಮೂಲೆಗಳಿಗೆ ಅವರನ್ನು ಸಾಗಿಸಲಾಯಿತು. ಅಂಥದೊಂದು ಮೂಲೆ ಸಿಂಧನೂರು.

1970ರ ಆಸುಪಾಸಿನಲ್ಲಿ ನೂರಾರು ಕುಟುಂಬಗಳು ಇಲ್ಲಿಗೆ ಬಂದಿಳಿದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಕಪ್ಪು ನೆಲ ಗದ್ದೆಯಾಗುತ್ತಿದ್ದ ಕಾಲ. ಆಂಧ್ರದ ರೈತರು ಬಂದು ನೆಲ ಹಿಡಿದು ಊರು ಕಟ್ಟಿಕೊಳ್ಳುತ್ತಿದ್ದರು. ಹೊರಗಿನವರ ಊರಿಗೆಲ್ಲ ಇಲ್ಲಿ ‘ಕ್ಯಾಂಪ್’ ಎಂದೇ ಹೆಸರು. ನಿರಾಶ್ರಿತರ ಪುನರ್ವಸತಿ ಊರುಗಳು ಆರ್.ಎಚ್. ಕ್ಯಾಂಪುಗಳಾದವು, ಹೆಸರಿನ ಬದಲು ನಂಬರು. ಕುಟುಂಬಕ್ಕೆ ಸುಮಾರು ಐದು ಎಕರೆ ನೆಲ ಸಿಕ್ಕಿತು. ಭತ್ತ ಅವರಿಗೆ ಗೊತ್ತಿದ್ದ ಬೆಳೆ. ಗೊತ್ತಿಲ್ಲದಿದ್ದದ್ದು ಭಾಷೆ, ಬಿಸಿಲು, ಜೋಳದ ರೊಟ್ಟಿ. ಶಂಖದ ಬಿಳಿ ಬಳೆ ತೊಟ್ಟ ಹೆಂಗಸರು ಸಿಂಧನೂರಿನ ಸಂತೆಯಲ್ಲಿ ಕೈಸನ್ನೆಯಿಂದ ವ್ಯಾಪಾರ ಮಾಡಿದರು. ಶರತ್ಕಾಲದಲ್ಲಿ ದುರ್ಗೆಯನ್ನು ಕೂರಿಸಿ ಢಾಕ್ ಬಾರಿಸಿದರು. ಅತ್ತ ಅಂಬಾಮಠದಲ್ಲಿ ದೇವಿಪುರಾಣದ ಓದು, ಇತ್ತ ಕ್ಯಾಂಪಿನಲ್ಲಿ ಉಲುಧ್ವನಿ, ಒಂದೇ ನವರಾತ್ರಿ.

ಬಂಗಾಳಿ ಮಗುವಿಗೆ ಹೆಸರು ಎರಡು. ಮನೆಯವರು ಕರೆಯುವುದು ಡಾಕ್ ನಾಮ್, ಹೊರಗಿನ ಲೋಕಕ್ಕೆ ಭಾಲೋ ನಾಮ್. ಅಂಗಳದಲ್ಲಿ ಖೋಕಾ ಆಗಿದ್ದವನು ಕನ್ನಡ ಶಾಲೆಯ ಹಾಜರಿಯಲ್ಲಿ ಮಂಡಲ್, ಬಿಶ್ವಾಸ್, ಸರ್ಕಾರ್, ಹಲ್ದಾರ್ ಎಂದು ಕೂತ. ‘ನಮ್ಮ ಸರ್ಕಾರ’ ಎಂದು ಪಾಠ ಓದುವ ಹುಡುಗರಿಗೆ ಸರ್ಕಾರ್ ಎಂಬ ಸಹಪಾಠಿ ಸಿಕ್ಕ. ಈಗ ಮೂರನೆಯ ತಲೆಮಾರು. ಅವರ ಕನ್ನಡ ಸಿಂಧನೂರಿನ ಕನ್ನಡವೇ. ಆದರೂ ದುಡಿಯಲು ಬೆಂಗಳೂರಿಗೆ ಹೋದರೆ ಹೆಸರು ಹೇಳಿದ ಕೂಡಲೇ ಬಾಂಗ್ಲಾದವನೇನು ಎಂಬ ಅನುಮಾನ, ಕಾಗದ ತೋರಿಸು ಎಂಬ ಒತ್ತಾಯ. ಆ ಬಾಲ ಕತ್ತರಿಸಿ ಮಂಜುನಾಥನೋ ಪ್ರವೀಣನೋ ಆಗಿಬಿಡು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆ ಅನುಮಾನವೇ ಹೇಳುತ್ತದೆ.

ಕಾಗದ ಇಲ್ಲೂ ಕಾಡಿತು. 1971ರ ನಂತರ ನೆಂಟರನ್ನು ಕೂಡಿಕೊಳ್ಳಲು ಬಂದವರಿಗೆ ಪೌರತ್ವದ ತೊಡಕು. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ ನಿಯಮಗಳು ಬಂದ ಮೇಲೆ, 2024ರಲ್ಲಿ ಈ ಕ್ಯಾಂಪುಗಳ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿತು. ಆ ಕಾಯ್ದೆ ಬಂದವನ ಧರ್ಮ ಯಾವುದೆಂದು ನೋಡಿಯೇ ಬಾಗಿಲು ತೆರೆಯುತ್ತದೆ. ಓಡಿಬಂದವನ ಕಷ್ಟವನ್ನು ಧರ್ಮದಿಂದ ಅಳೆಯುವುದು ನನಗೆ ಒಪ್ಪಿಗೆಯಲ್ಲ. ಅರ್ಧ ಶತಮಾನ ಕಾದವರಿಗೆ ಪತ್ರ ಸಿಕ್ಕದ್ದು ಮಾತ್ರ ನ್ಯಾಯವೇ.

ಉಳಿದಿರುವ ಅನ್ಯಾಯ ದೊಡ್ಡದು, ಅದೂ ಹೆಸರಿನದೇ. ಪಶ್ಚಿಮ ಬಂಗಾಳ, ಅಸ್ಸಾಂ, ತ್ರಿಪುರಾಗಳಲ್ಲಿ ನಮಶೂದ್ರರು ಪರಿಶಿಷ್ಟ ಜಾತಿಯವರು. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ. ಸಂವಿಧಾನದ 341ನೇ ವಿಧಿಯ ಪ್ರಕಾರ ಪಟ್ಟಿ ರಾಜ್ಯವಾರು. ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಆ ಸ್ಥಾನ ಜೊತೆಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಕಾನೂನು ಹಾಗಿರಬಹುದು. ಆದರೆ ಈ ಜನ ಸ್ವಂತ ಇಷ್ಟದಿಂದ ವಲಸೆ ಬಂದವರಲ್ಲ. ಭಾರತ ಸರಕಾರವೇ ಕರೆತಂದು, ನೆಲ ಅಳೆದುಕೊಟ್ಟು, ಇಲ್ಲಿ ಇರಿ ಎಂದಿತು. ಕರೆತರುವಾಗ ಅವರ ಜಾತಿಯ ನೋವನ್ನು ಗಡಿಯಲ್ಲಿ ಇಳಿಸಿ ಬರಲಿಲ್ಲ. ಅದೇ ಬಡತನ, ಅದೇ ಹಿಂದುಳಿಕೆ. ಹಕ್ಕು ಮಾತ್ರ ದಾರಿಯಲ್ಲಿ ಉಳಿಯಿತು. ತಾತ ಜನಗಣತಿಯ ಪುಸ್ತಕದಲ್ಲಿ ಹೋರಾಡಿ ಗಳಿಸಿದ ಹೆಸರನ್ನು ಮೊಮ್ಮಗ ರಾಯಚೂರು ಜಿಲ್ಲೆಯ ಅರ್ಜಿಯಲ್ಲಿ ಬರೆದರೆ ಅದಕ್ಕೆ ಹೊಂದುವ ಕಲಂ ಇಲ್ಲ. ಇಂಥವನಿಗೆ ಎಲ್ಲರೊಳಗೊಂದಾಗು ಎನ್ನುವುದು, ಹಕ್ಕಿಲ್ಲದೆ ಕರಗಿಹೋಗು ಎಂದಂತೆ.

ಈ ಪಟ್ಟಿಯನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ, ಶಿಫಾರಸು ಹೋಗಬೇಕಾದದ್ದು ರಾಜ್ಯದಿಂದ. ಕ್ಯಾಂಪುಗಳ ಜನ ಈ ಬೇಡಿಕೆಯನ್ನು ವರ್ಷಗಳಿಂದ ಇಡುತ್ತಲೇ ಬಂದಿದ್ದಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಶಾಸಕರೂ ನಮ್ಮ ಸಂಸದರೂ ಪಕ್ಷ ಮರೆತು ಇದಕ್ಕಾಗಿ ಒಂದಾಗಬೇಕು. ಮೇಷ್ಟ್ರುಗಳಲ್ಲೂ ಒಂದು ಕೋರಿಕೆ: ಮಗುವನ್ನು ಶಾಲೆಗೆ ಹಚ್ಚಲು ತಾಯಿ ಬಂದಾಗ, ಅವಳು ಹುಸೇನಪ್ಪ ಎಂದರೆ ಹುಸೇನಪ್ಪ ಎಂದೇ ಬರೆಯಿರಿ, ಬಿಶ್ವಾಸ್ ಎಂದರೆ ಬಿಶ್ವಾಸ್ ಎಂದೇ ಬರೆಯಿರಿ.